ಸರಪಳಿ ೧೧೩೪೦

ಸಿಂಧನೂರಿನ ಕಾಲುವೆ ಉಪವಿಭಾಗದ ಕಚೇರಿಯಲ್ಲಿ
ಒಂದು ಫ್ಯಾನು, ಎರಡು ಕಂಪ್ಯೂಟರು,
ಮತ್ತು ನಾನು, ಹೊರಗುತ್ತಿಗೆಯ ಹುಲಿಗೆಮ್ಮ.
ನಕ್ಷೆಗೆ ಅಂಕಿ ಹಾಕುವುದೇ ನನ್ನ ಅನ್ನ.

ಮೂವತ್ತು ಮೀಟರಿಗೊಂದು ಅಡ್ಡಕೊಯ್ತ.
ಕೊಯ್ದಲ್ಲೆಲ್ಲ ಅದೇ ಮಾತು:
ನೆಲಮಟ್ಟ ಇಷ್ಟು, ತಳಮಟ್ಟ ಇಷ್ಟು,
ತುಂಬಿ ಹರಿದರೆ ನೀರಿನ ಮಟ್ಟ ಇಷ್ಟು.
ಕ್ಲಿಕ್ಕು. ಬಾಣ. ಅಕ್ಷರ, ಎರಡೂವರೆ ಮಿಲಿಮೀಟರು ಎತ್ತರ.
ಕ್ಲಿಕ್ಕು. ಬಾಣ. ಅಕ್ಷರ.
ಇಂಥವು ನಾನೂರ ಹದಿಮೂರು.
ನಲವತ್ತರ ಹೊತ್ತಿಗೆ ಮಣಿಕಟ್ಟು ಉರಿಯುತ್ತದೆ,
ನೂರರ ಹೊತ್ತಿಗೆ ಉರಿಯೂ ಮರೆಯುತ್ತದೆ,
ನೂರಾ ಎಂಬತ್ತರ ಆಸುಪಾಸು ಎಲ್ಲೋ ಒಂದು ಕಡೆ
ತಳ ನೆಲಕ್ಕಿಂತ ಮೇಲೆದ್ದು
ಕಾಲುವೆ ಆಕಾಶದಲ್ಲಿ ಹರಿಯುತ್ತದೆ.
“ಏನವಾ, ವಿಮಾನಕ್ಕ ನೀರು ಬಿಡ್ತೀಯೇನು?” ಅಂದರು ಎಇ ಸಾಹೇಬರು.

ಅದಕ್ಕೇ ಮ್ಯಾಕ್ರೊ ಕಲಿತೆ.
ಮಧ್ಯಾಹ್ನ ರೊಟ್ಟಿ ಡಬ್ಬಿ ತೆರೆದಿಟ್ಟು
ಒಂದು ಕೈಯಲ್ಲಿ ಪುಂಡಿಪಲ್ಯ, ಒಂದು ಕೈಯಲ್ಲಿ ಆವರಣ ಚಿಹ್ನೆ.
ತೆರೆದದ್ದನ್ನು ಮುಚ್ಚದಿದ್ದರೆ ಅದು ಮಾತೇ ಆಡುವುದಿಲ್ಲ.
ಮುಚ್ಚದ ಒಂದೇ ಒಂದು ಬಾಗಿದ ಗೆರೆಯನ್ನು
ಮೂರು ದಿನ ಹುಡುಕಿದೆ.
ಸಿಕ್ಕಾಗ ಯಾರಿಗೆ ಹೇಳಲಿ? ಜವಾನ ನಿಂಗಯ್ಯನಿಗೆ ಹೇಳಿದೆ.
“ಛಲೋ ಆತು ಬಿಡ್ರಿ” ಅಂದ, ಏನೆಂದು ಕೇಳದೆ.

ಬೀರುವಿನೊಳಗೆ ಹಳೆಯ ನಕ್ಷೆ,
ಟ್ರೇಸಿಂಗ್ ಬಟ್ಟೆಯ ಮೇಲೆ, ಮೌನುದ್ದೀನ್ ಎಂಬವರ ಕೈ.
ಅವರನ್ನು ನಾನು ಕಂಡಿಲ್ಲ.
ಅವರ ಏಳುಗಳನ್ನು ಕಂಡಿದ್ದೇನೆ:
ನಡುವಿಗೊಂದು ಸಣ್ಣ ಅಡ್ಡಗೆರೆ, ದಟ್ಟಿ ಬಿಗಿದ ಹಾಗೆ.
ಬೆಳಗಿನ ಏಳು ನೆಟ್ಟಗೆ ನಿಂತಿದೆ,
ಸಂಜೆಯ ಏಳು ಏಳಲಾರದೆ ಒರಗಿದೆ.
ಯಾವ ಸರಪಳಿಯಲ್ಲಿ ದಣಿದರು, ಎಲ್ಲಿ ಚಹಾ ಕುಡಿದು ಬಂದರು,
ಎಲ್ಲ ಗೊತ್ತಾಗುತ್ತದೆ.

ಶನಿವಾರ ಮ್ಯಾಕ್ರೊ ಓಡಿಸಿದೆ.
ಅಂಕಿಗಳು ಸುರಿದವು,
ರೈಸ್‌ಮಿಲ್ಲಿನ ಬಾಯಿಂದ ಪಾಲಿಶ್ ಅಕ್ಕಿ ಸುರಿದ ಹಾಗೆ,
ತೌಡಿಲ್ಲ, ನುಚ್ಚಿಲ್ಲ, ಎಲ್ಲ ಒಂದೇ ಬಿಳುಪು.
ಹನ್ನೊಂದು ದಿನದ ಕೆಲಸ.
ನಿಂಗಯ್ಯ ಇಟ್ಟುಹೋದ ಚಹಾ ಇನ್ನೂ ಕೆನೆ ಕಟ್ಟಿರಲಿಲ್ಲ.
ಬೆರಳುಗಳಿಗೆ ಏನು ಮಾಡಬೇಕೋ ತೋಚದೆ
ಮೇಜಿನ ಮೇಲೆ ಸುಮ್ಮನೆ ಕೂತವು.

ತಾಳೆ ನೋಡಲು ಹಳೆಯದನ್ನು ಪಕ್ಕದಲ್ಲಿ ಹಾಸಿದೆ.
ಹನ್ನೊಂದು ಸಾವಿರದ ಮುನ್ನೂರ ನಲವತ್ತರಲ್ಲಿ,
ಕಾಲಮ್ಮಿನ ಆಚೆ, ಬಾಣವಿಲ್ಲದೆ,
ಇರುವೆ ಸಾಲಿನಂಥ ಅಕ್ಷರ:
‘ಇಲ್ಲಿ ನೀರು ನಿಂತು ಯೋಚಿಸುತ್ತದೆ.
ಕಾರಣ ತಿಳಿಯದು. ನೋಡಿಕೊಳ್ಳುವುದು.’

ನನ್ನ ಮ್ಯಾಕ್ರೊಗೆ ನೆಲ ಗೊತ್ತು, ತಳ ಗೊತ್ತು, ತುಂಬಿದ ಮಟ್ಟ ಗೊತ್ತು.
ಯೋಚಿಸುವುದು ಯಾವ ಮಟ್ಟ?
ಅದಕ್ಕೆ ಎಷ್ಟು ಮಿಲಿಮೀಟರು?

ಗೇಟಿನ ದ್ಯಾವಣ್ಣನಿಗೆ ಫೋನು ಹಚ್ಚಿದೆ.
“ಹೌದ್ರಿ, ಅಲ್ಲೊಂದು ಸುಳಿ ಐತಿ.
ಬೇವಿನ ಎಲಿ ಬಿದ್ರ ಎರಡು ಸುತ್ತು ಹಾಕೇ ಮುಂದ ಹೋಗೋದು.
ಕೊನೀ ತೂಬಿಗೆ ತಡಾ ಆಗೋದು ಅದಕ್ಕ.
ನಿಮಗ ಯಾರು ಹೇಳಿದ್ರು?”
ಏಳಿಗೆ ದಟ್ಟಿ ಕಟ್ಟುತ್ತಿದ್ದವರು, ಅನ್ನಲಿಲ್ಲ.

ಎಇ ಸಾಹೇಬರು ಅಂದರು, “ಷರಾಕ್ಕ ಕಾಲಂ ಇಲ್ಲ, ಬಿಡು.”
ಬಿಟ್ಟೆ. ಬಿಟ್ಟ ಮೇಲೆ
ಸಂಜೆ ಎಲ್ಲರೂ ಹೋದ ಹೊತ್ತಲ್ಲಿ
ಒಂದು ಸಾಲು ಸೇರಿಸಿದೆ:
ಸರಪಳಿ ಇದಾದರೆ ನಿಲ್ಲು. ಕೇಳು.

ಸೋಮವಾರ ಅವರೇ ಗುಂಡಿ ಒತ್ತಿದರು.
ಮುನ್ನೂರ ಎಪ್ಪತ್ತೆಂಟು ಕೊಯ್ತ ಒಂದೇ ಉಸಿರಿಗೆ ದಾಟಿ
ಖಾಲಿ ಡಬ್ಬಿಯೊಂದು ತೆರೆದುಕೊಂಡಿತು,
ಒಳಗೊಂದು ಗೆರೆ, ಮಿನುಗುತ್ತ, ಮಿನುಗುತ್ತ.

“ಹುಲಿಗೆಮ್ಮಾ, ನಿಂತುಬಿಟ್ಟೈತಿ ನೋಡು.”

ಹೌದ್ರಿ ಸರ.
ಅಲ್ಲಿ ನಿಲ್ಲತೈತಿ.